ಒಂದು ಕಿಲೋಗೆ ಸರಿ ಬಂದ ಬಪ್ಪಂಗಾಯಿ (ಪಪ್ಪಾಯಿ ಕಾಯಿ) 18 ಕಿಲೋಗೆ ಯಾಕೆ ಕೈಕೊಟ್ಟಿತು?

ಕಟಪಾಡಿ ಅಡುಗೆಯವ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರ ಕಟಪಾಡಿಯವ. 26 ವರ್ಷದಿಂದ ಮದುವೆ, ಮದರಂಗಿ, ಗೃಹಪ್ರವೇಶ ಅಂತ ಅಡುಗೆ ಮಾಡಿಕೊಡುದೇ ಕಸುಬು. ಓದಿದ್ದು ಎಂಟನೇ ಕ್ಲಾಸು. ಹಾಗಾಗಿ ಉತ್ತರ ಕೊಡುವವರು ಸ್ವಲ್ಪ ನಿಧಾನಕ್ಕೆ ಕೊಡಿ.

ಕಳೆದ ತಿಂಗಳು ಕಾಪು ಕಡೆ ಒಂದು ಮದರಂಗಿ. 18 ಕಿಲೋ ಆಡಿನ ಮಾಂಸ, ಸುಕ್ಕ ಮಾಡ್ಲಿಕ್ಕೆ. ಆಡು ಸ್ವಲ್ಪ ಬೆಳೆದದ್ದು ಅಂತ ಕಡಿಯುವವ ಮೊದಲೇ ಹೇಳಿದ್ದ. ಅದಕ್ಕೇ ಹಿಂದಿನ ಭಾನುವಾರ ಮನೆಯಲ್ಲಿ ಅದೇ ಅಂಗಡಿಯಿಂದ ಒಂದು ಕಿಲೋ ತಂದು ಪರೀಕ್ಷೆ ಮಾಡಿದೆ. ಮಾಂಸ ಮೆತ್ತಗಾಗಲಿ ಅಂತ ಎಳೆ ಬಪ್ಪಂಗಾಯಿ ಸಿಪ್ಪೆ ಸಮೇತ ಅರೆದು ಒಂದು ದೊಡ್ಡ ಚಮಚ, ಉಪ್ಪು, ಅರಸಿನ, ಎರಡು ಗಂಟೆ ಇಟ್ಟೆ. ಆಮೇಲೆ ಕುಕ್ಕರು. ಎಂತ ಹೇಳುದು, ಬೆಣ್ಣೆ ಹಾಗೆ ಆಯಿತು. ಹಲ್ಲಿಲ್ಲದ ನನ್ನ ಅತ್ತೆ ಎರಡು ಸಲ ಹಾಕಿಸಿಕೊಂಡರು.

ಮದರಂಗಿ ದಿನ ಅದೇ ಲೆಕ್ಕ. 18 ಕಿಲೋಗೆ 18 ಚಮಚ, ವಾಚು ನೋಡಿ ಎರಡೇ ಗಂಟೆ. ಒಲೆ ಮೇಲಿಂದ ಇಳಿಸುವಾಗ ಸೌಟು ಹಾಕಿದರೆ ತುಂಡುಗಳ ಹೊರಗೆಲ್ಲ ಗಂಜಿ, ಒಳಗೆ ಮಾತ್ರ ಬಿಗಿ. ಬಡಿಸುವಾಗ ಒಬ್ಬರು "ಖೀಮಾ ಒಳ್ಳೇದಾಗಿದೆ" ಅಂದರು. ಹೊಗಳಿದ್ದಾ ಬೈದದ್ದಾ ಈಗಲೂ ಗೊತ್ತಿಲ್ಲ. ಮನೆಯವರು ಲೆಕ್ಕದಲ್ಲಿ ನಾಲ್ಕು ಸಾವಿರ ಹಿಡಿದುಕೊಂಡರು, ನಾನೂ ಮಾತಾಡಲಿಲ್ಲ.

ನನ್ನ ಹುಡುಗರು ಒಬ್ಬೊಬ್ಬ ಒಂದೊಂದು ಹೇಳ್ತಾನೆ. ಒಬ್ಬನ ಪ್ರಕಾರ ದೃಷ್ಟಿ. ಪಿಯುಸಿ ಓದುವ ಅಳಿಯ, "ಅದು ಎಂಜೈಮ್ ಮಾವ, ಕ್ಯಾಟಲಿಸ್ಟ್" ಅಂತ ಹೇಳಿ ಪುನಃ ಮೊಬೈಲಿಗೆ ಹೋದ. ಈ ಎಂಜೈಮ್ ಅಂದ್ರೆ ಎಂತ? ಹುಳದ ಹಾಗೆ ಜೀವ ಇರುವಂಥದ್ದಾ? ಒಂದಕ್ಕೆ ಒಂದು, ಹದಿನೆಂಟಕ್ಕೆ ಹದಿನೆಂಟು ಹಾಕಿದರೆ ತಪ್ಪಾಗುದು ಹೇಗೆ? ಇನ್ನೊಂದು. ಎರಡು ವರ್ಷ ಹಿಂದೆ ಕಾಯಿ ಸಿಗದೆ ಹಣ್ಣನ್ನೇ ಕಿವುಚಿ ಹಾಕಿದ್ದೆ. ಆಗ ಏನೂ ಆಗಲಿಲ್ಲ, ಮಾಂಸ ಚಪ್ಪಲಿ ಹಾಗೇ ಇತ್ತು.

ಪಡುಬಿದ್ರಿ ಅಕ್ಕ

ಅಣ್ಣಾ, ನಿಮ್ಮದು ಜಾಸ್ತಿ ಆಯ್ತು, ಅಷ್ಟೇ. ದೊಡ್ಡ ಅಡುಗೆಗೆ ಉಪ್ಪು ಖಾರ ಕೂಡ ಲೆಕ್ಕಕ್ಕಿಂತ ಕಡಿಮೆಯೇ ಹಾಕುದಲ್ವಾ? ನನ್ನ ಅಮ್ಮ ಬಪ್ಪಂಗಾಯಿ ಎಲೆಯಲ್ಲಿ ಮಾಂಸ ಸುತ್ತಿಡ್ತಿದ್ದರು, ಅರೆದು ಹಾಕ್ತಿರಲಿಲ್ಲ. ಕಾಯಿ ಸಿಪ್ಪೆ ತೆಗೆದ ದಿನ ನನ್ನ ಬೆರಳ ತುದಿ ಸುಲಿದು ಹೋಗ್ತದೆ. ಬೆರಳನ್ನೇ ಬಿಡದ್ದು ಮಾಂಸವನ್ನು ಬಿಡ್ತದಾ? ಮೊಸರು ಹಾಕಿ, ಸಾಕು.

ಕಂಕನಾಡಿ ಮೇಷ್ಟ್ರು

ಕಟಪಾಡಿಯವರೇ, ಉತ್ತರಕ್ಕೆ ಮೊದಲು ಒಂದು ಪ್ರಶ್ನೆ. ಅಂದು ಆ ದೊಡ್ಡ ಪಾತ್ರೆ ಒಲೆಗೆ ಏರಿಸಿದ ಮೇಲೆ ಕುದಿ ಬರಲು ಎಷ್ಟು ಹೊತ್ತಾಯಿತು? ಮನೆಯಲ್ಲಿ ಕುಕ್ಕರಿಗೆ ಎಷ್ಟು ಹೊತ್ತು? ನೆನಪಿದ್ದಷ್ಟು ಹೇಳಿ.

ಕಟಪಾಡಿ ಅಡುಗೆಯವ

ಸರ್, ಒಳ್ಳೆ ಪ್ರಶ್ನೆ ಕೇಳಿದಿರಿ. ಮನೆಯಲ್ಲಿ ಕುಕ್ಕರು ಏಳೆಂಟು ನಿಮಿಷಕ್ಕೆ ಕೂಗಿತು. ಮದರಂಗಿ ಮನೆಯಲ್ಲಿ ಮಾತ್ರ ದೊಡ್ಡ ಬರ್ನರು ಹಾಳಾಗಿತ್ತು, ಸಣ್ಣದರ ಮೇಲೆ ಇಟ್ಟದ್ದು. ಅಡಿ ಹಿಡೀಬಾರದು ಅಂತ ಬೆಂಕಿಯೂ ಸಣ್ಣ. ಮಾಂಸ, ನೀರು ಎಲ್ಲ ತಣ್ಣಗಿನದ್ದೇ ಒಟ್ಟಿಗೆ ಸುರಿದದ್ದು. ಕುದಿ ಬರುವಾಗ ಮುಕ್ಕಾಲು ಗಂಟೆಯ ಮೇಲೆ ಆಯಿತು, 50 ನಿಮಿಷ ಅಂತಲೇ ಹೇಳಿ.

ಕಂಕನಾಡಿ ಮೇಷ್ಟ್ರು

ಹಾಗಾದರೆ ಕಳ್ಳ ಸಿಕ್ಕಿದ. ನಿಮ್ಮ ಚಮಚದ ಲೆಕ್ಕ ಸರಿ ಇತ್ತು, ವಾಚಿನ ಲೆಕ್ಕವೂ ಸರಿ ಇತ್ತು. ನೀವು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಆ 50 ನಿಮಿಷವನ್ನು. (ನಾನು ಮೂವತ್ತು ವರ್ಷ ಜೀವರಸಾಯನ ಪಾಠ ಮಾಡಿದವನು. ಉದ್ದ ಬರೆಯುವ ಚಾಳಿ ಇನ್ನೂ ಹೋಗಿಲ್ಲ, ಸಹಿಸಿಕೊಳ್ಳಿ.)

ಮೊದಲು ಜೀವ ಉಂಟಾ ಅಂತ ಕೇಳಿದಿರಿ. ಇಲ್ಲ. ಆದರೆ ನಿಮ್ಮ ಅನುಮಾನ ಹೊಸದಲ್ಲ. 19ನೇ ಶತಮಾನದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಹುದುಗು ಬರಬೇಕಾದರೆ ಜೀವಂತ ಯೀಸ್ಟೇ ಬೇಕು ಎಂದು ವಾದ ಮಾಡುತ್ತಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ರಸ ಮಾತ್ರ ತೆಗೆದ. ಆ ರಸದಲ್ಲಿ ಒಂದು ಜೀವಕೋಶವೂ ಉಳಿದಿರಲಿಲ್ಲ, ಸಕ್ಕರೆ ಹಾಕಿದರೆ ನೊರೆ ಬಂತು. ಅಂದರೆ ಕೆಲಸ ಮಾಡುವುದು ಜೀವಿಯೊಳಗಿನ ವಸ್ತು. ನಿಮ್ಮ ಅಳಿಯ ಹೇಳಿದ ಎಂಜೈಮ್ ಅದೇ, ಅದಕ್ಕೆ ಕನ್ನಡದಲ್ಲಿ ಕಿಣ್ವ ಅನ್ನುತ್ತೇವೆ. ಬುಕ್ನರ್ ಮಾಡಿದ್ದೂ ಅರೆಯುವ ಕೆಲಸವೇ, ನೀವು ಬಪ್ಪಂಗಾಯಿ ಅರೆದ ಹಾಗೆ.

ಬಪ್ಪಂಗಾಯಿ ಗೀರಿದಾಗ ಬರುವ ಬಿಳಿ ಹಾಲಿನಲ್ಲಿ ಇರುವ ಒಂದು ಕಿಣ್ವದ ಹೆಸರು ಪಪೈನ್. ಕಾಯಿ ಹಣ್ಣಾಗುತ್ತ ಹೋದಂತೆ ಆ ಹಾಲೇ ಬತ್ತುತ್ತದೆ. ನಿಮ್ಮ ಹಣ್ಣು ಕೆಲಸ ಮಾಡದ್ದು ಅದಕ್ಕೆ. ಪಡುಬಿದ್ರಿ ಅಕ್ಕನ ಬೆರಳು ಸುಲಿಯುವುದೂ ಇದರಿಂದಲೇ, ನಮ್ಮ ಚರ್ಮದ ಮೇಲ್ಪದರವೂ ಪ್ರೋಟೀನೇ ತಾನೆ.

ಈಗ ಅದು ಕೆಲಸ ಮಾಡುವ ಬಗೆ. ನಿಮ್ಮ ಊರಿನ ಪಕ್ಕ ಶಂಕರಪುರ ಉಂಟಲ್ಲ, ಅಲ್ಲಿನ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಬಾಳೆನಾರಿನಲ್ಲಿ ಕಟ್ಟಿದ ಮಾಲೆ ಉದ್ದಕ್ಕೆ ಬಿಟ್ಟರೆ ಬರೀ ದಾರ. ಅದನ್ನು ಸುತ್ತಿ ಚೆಂಡು ಮಾಡಿದಾಗ ಮಾಲೆಯ ಈ ತುದಿಯ ಹೂವು ಎಲ್ಲೋ ದೂರದ ಇನ್ನೊಂದು ಹೂವಿನ ಮಗ್ಗುಲಿಗೆ ಬಂದು ಕೂರುತ್ತದೆ. ಪ್ರೋಟೀನ್ ಅಂದರೆ ಇಂಥದೇ ಮಾಲೆ, ಹೂವಿನ ಬದಲು ಅಮೈನೋ ಆಮ್ಲ. ಪಪೈನಿನಲ್ಲಿ ಅಂಥವು 212. ಅದು ಸುತ್ತಿಕೊಂಡು ಎರಡು ಉಂಡೆಯಾಗಿ, ಮಧ್ಯೆ ಒಂದು ಸೀಳು ಉಳಿಯುತ್ತದೆ. ಆ ಸೀಳಿನಲ್ಲಿ 25ನೇ ಹೂವು ಮತ್ತು 159ನೇ ಹೂವು ಎದುರುಬದುರು. ಮಾಲೆಯಲ್ಲಿ ಎಷ್ಟು ದೂರದವು ನೋಡಿ, ಆದರೆ ಚೆಂಡಿನಲ್ಲಿ ನೆರೆಮನೆ. 25ನೆಯದರಲ್ಲಿ ಗಂಧಕ ಇದೆ. ಕತ್ತರಿಸುವುದು ಈ ಜೋಡಿ.

ಮಾಂಸದ ಪ್ರೋಟೀನಿನ ಎಳೆ ಆ ಸೀಳಿನಲ್ಲಿ ಬಂದು ಮಲಗುತ್ತದೆ. ಗಂಧಕ ಎಳೆಯ ಒಂದು ಕೊಂಡಿಗೆ ಕೈ ಹಾಕುತ್ತದೆ, ಕೊಂಡಿ ಬಿಚ್ಚಿ ಅರ್ಧ ಎಳೆ ತೇಲಿ ಹೋಗುತ್ತದೆ. ಉಳಿದರ್ಧ ಸ್ವಲ್ಪ ಹೊತ್ತು ಕಿಣ್ವಕ್ಕೇ ಅಂಟಿಕೊಂಡಿರುತ್ತದೆ. ನೀರಿನ ಒಂದು ಅಣು ಬಂದು ಅದನ್ನೂ ಬಿಡಿಸುತ್ತದೆ. ಸೀಳು ಖಾಲಿ, ಪಪೈನ್ ಮೊದಲಿದ್ದ ಹಾಗೆಯೇ. ಮುಂದಿನ ಎಳೆ ಬರಲಿ. ನಿಮ್ಮ ಅಳಿಯ ಕ್ಯಾಟಲಿಸ್ಟ್ ಅಂದದ್ದು ಇದಕ್ಕೆ. ಮೆಟ್ಟುಕತ್ತಿಯಲ್ಲಿ ಒಂದು ಬಂಗುಡೆ ಕೊಯ್ದರೆ ಕತ್ತಿ ಮುಗಿದು ಹೋಗುವುದಿಲ್ಲವಲ್ಲ. ಉಪ್ಪು ಖಾರದ ಲೆಕ್ಕ ಇಲ್ಲಿ ಹೊಂದದೆ ಇರುವುದೂ ಇದಕ್ಕೇ. ಖಾರ ಹಾಕಿದಷ್ಟೇ ಇರುತ್ತದೆ, ಕತ್ತಿ ಮಾತ್ರ ಹೊತ್ತು ಸಿಕ್ಕಿದಷ್ಟೂ ಕೊಯ್ಯುತ್ತ ಹೋಗುತ್ತದೆ.

ಕಿಣ್ವ ಇಲ್ಲದೆ ಈ ಕೊಂಡಿ ಬಿಚ್ಚುವುದೇ ಇಲ್ಲವೇ? ಬಿಚ್ಚುತ್ತದೆ, ಆದರೆ ಬರೀ ತಣ್ಣನೆ ನೀರಿನಲ್ಲಿ ಅರ್ಧದಷ್ಟು ಕೊಂಡಿ ಬಿಚ್ಚಲು ನೂರಾರು ವರ್ಷ ಬೇಕು. ಪ್ರೋಟೀನ್ ತುಂಡಾಗುವುದು ಇಳಿಜಾರಿನ ದಾರಿಯೇ, ಆದರೆ ಇಳಿಯುವ ಮೊದಲು ಒಂದು ಏರು ಹತ್ತಬೇಕು. ಅಣುಗಳಿಗೆ ಹತ್ತಲು ತ್ರಾಣ ಇರುವುದಿಲ್ಲ. ಕೊಂಡಿ ಇನ್ನೇನು ಬಿಚ್ಚಬೇಕು ಅನ್ನುವ ಆ ತಿರುಚಿದ ಭಂಗಿಯಲ್ಲಿ ಕಿಣ್ವ ಅದನ್ನು ಹಿಡಿದು ನಿಲ್ಲಿಸಿ ಏರನ್ನು ತಗ್ಗಿಸುತ್ತದೆ. ಹೊರಟ ಜಾಗ, ಸೇರುವ ಜಾಗ ಎರಡೂ ಮೊದಲಿನವೇ. ಆಗದ ಕೆಲಸವನ್ನು ಕಿಣ್ವ ಆಗಿಸುವುದಿಲ್ಲ, ಆಗುವುದನ್ನು ಬೇಗ ಮಾಡಿಸುತ್ತದೆ. ಪರೀಕ್ಷೆಯಲ್ಲಿ ನನ್ನ ಅರ್ಧ ಕ್ಲಾಸು ಇದನ್ನು ತಪ್ಪು ಬರೆಯುತ್ತಿತ್ತು.

ಈಗ ನಿಮ್ಮ ಪಾತ್ರೆಗೆ ಬರೋಣ. ಬಿಸಿ ಏರಿದಂತೆ ಕಿಣ್ವದ ವೇಗ ಏರುತ್ತದೆ, ದಪ್ಪ ಲೆಕ್ಕಕ್ಕೆ ಪ್ರತಿ 10 ಡಿಗ್ರಿಗೆ ಎರಡು ಪಟ್ಟು. ನಮ್ಮ ಹೊಟ್ಟೆಯೊಳಗಿನ ಕಿಣ್ವಗಳಿಗೆ 37 ಡಿಗ್ರಿ ಹಿತ, 60ರ ಹತ್ತಿರ ಹೋದರೆ ಹೆಚ್ಚಿನವು ಮುಗಿದವು. ಪಪೈನ್ ಗಟ್ಟಿ ಪಿಂಡ. 65ರ ಆಸುಪಾಸಿನಲ್ಲಿ ಅದಕ್ಕೆ ಹಬ್ಬ. 80 ದಾಟಿದ ಮೇಲೆ ಸೋಲುತ್ತ ಬರುತ್ತದೆ, ಕುದಿಯಲ್ಲಿ ಸ್ವಲ್ಪ ಹೊತ್ತು ಬಿದ್ದರೆ ಚೆಂಡು ಬಿಚ್ಚಿ ಮಾಲೆಯಾಗುತ್ತದೆ. 212 ಹೂವೂ ಅಲ್ಲೇ ಇರುತ್ತವೆ, ಸೀಳು ಇರುವುದಿಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ.

ಹೊರಗೆ 32 ಡಿಗ್ರಿಯಲ್ಲಿ ಇಟ್ಟ ಎರಡು ಗಂಟೆ ಎರಡೂ ಕಡೆ ಸಮ. ಕುಕ್ಕರಿನಲ್ಲಿ 50ರಿಂದ 70 ಡಿಗ್ರಿಯ ನಡುವಿನ ದಾರಿ ಎರಡು ಮೂರು ನಿಮಿಷಕ್ಕೆ ದಾಟಿ ಹೋಯಿತು. ನಿಮ್ಮ ದೊಡ್ಡ ಪಾತ್ರೆ ಅದೇ ದಾರಿಯಲ್ಲಿ ಏನಿಲ್ಲವೆಂದರೂ 20 ನಿಮಿಷ ಕೂತಿರಬೇಕು. ಅಲ್ಲಿ ವೇಗ ಸರಾಸರಿ ಎಂಟು ಪಟ್ಟು ಅಂತ ಹಿಡಿದರೂ, ಆ 20 ನಿಮಿಷ ಹೊರಗಿಟ್ಟ ಎರಡೂವರೆ ಗಂಟೆಗೆ ಸಮ. ಇಷ್ಟೇ ಅಲ್ಲ. ಆ ಬಿಸಿಗೆ ಮಾಂಸದ ಪ್ರೋಟೀನೂ ಬಿಚ್ಚಿಕೊಳ್ಳತೊಡಗುತ್ತದೆ. ಹಸಿಯಲ್ಲಿ ಹಗ್ಗದ ಹಾಗೆ ಹೊಸೆದುಕೊಂಡು ಯಾರಿಗೂ ಬಾಯಿ ಹಾಕಲು ಬಿಡದ ಕೊಲಾಜೆನ್ ಅನ್ನುವ ಗಟ್ಟಿ ನಾರಿನ ಪ್ರೋಟೀನ್, ಬಿಸಿಗೆ ಸಡಿಲವಾಗಿ ಎಳೆ ಎಳೆಯಾಗಿ ಎದುರು ನಿಲ್ಲುತ್ತದೆ. ಕತ್ತಿಯೂ ಚುರುಕು, ಕೊಯ್ಯಬೇಕಾದ್ದೂ ಬಿಚ್ಚಿ ಇಟ್ಟದ್ದು. ಗಂಜಿಯಾಗದೆ ಇನ್ನೇನು?

ಒಳಗೆ ಬಿಗಿ ಉಳಿದದ್ದಕ್ಕೆ ಕಾರಣ ಸರಳ. ಪಪೈನ್ ದೊಡ್ಡ ಅಣು, ಮಾಂಸದೊಳಗೆ ಇಳಿಯುವುದು ತೀರಾ ಕಡಿಮೆ. ಉಪ್ಪು ಇಳಿದಷ್ಟು ಇದು ಇಳಿಯುವುದಿಲ್ಲ.

ಲ್ಯಾಬ್ ಹುಡುಗಿ

ಮೇಷ್ಟ್ರೇ, ಮಲ್ಲಿಗೆ ಚೆಂಡಿನ ಪಾಠ ನಮಗೂ ಸಿಕ್ಕಿದ್ದರೆ ನಾನು ಡಿಪ್ಲೊಮಾದಲ್ಲಿ ಇನ್ನಷ್ಟು ಮಾರ್ಕು ತೆಗೀತಿದ್ದೆ! ನಾನು ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಇರುವುದು. ಕಟಪಾಡಿ ಅಣ್ಣನ "18 ಚಮಚ"ದ ಬಗ್ಗೆ ಒಂದು ಮಾತು.

ನಾವು ರಕ್ತದಲ್ಲಿ ಅಮೈಲೇಸ್, ಎಸ್‌ಜಿಪಿಟಿ ಎಲ್ಲ ನೋಡುವಾಗ ಕಿಣ್ವವನ್ನು ತೂಕ ಮಾಡುವುದಿಲ್ಲ. ಅದು ನಿಮಿಷಕ್ಕೆ ಎಷ್ಟು ಕೆಲಸ ಮಾಡಿತು ಅಂತ ಅಳೆಯುವುದು, ಅದಕ್ಕೇ ರಿಪೋರ್ಟಿನಲ್ಲಿ ಮಿಲಿಗ್ರಾಮ್ ಇರುವುದಿಲ್ಲ, "ಯೂನಿಟ್" ಅಂತ ಇರುತ್ತದೆ. ಒಂದು ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ (ಅಣುಗಳನ್ನು ಎಣಿಸುವ ಒಂದು ಅಳತೆ) ವಸ್ತುವನ್ನು ಬದಲಿಸುವಷ್ಟು ಕಿಣ್ವ. ಮೆಷಿನು ಒಳಗೆ 37 ಡಿಗ್ರಿ ಹಿಡಿದಿಡುತ್ತದೆ. ಬಿಸಿ ಹೆಚ್ಚುಕಮ್ಮಿ ಆದರೆ ನಂಬರೇ ಬದಲಾಗ್ತದೆ. ಬಪ್ಪಂಗಾಯಿಯೂ ಹಾಗೇ. ಒಂದು ಕಾಯಿಯ ಚಮಚ ಇನ್ನೊಂದು ಕಾಯಿಯ ಚಮಚಕ್ಕೆ ಸಮ ಅಲ್ಲ. ಹಾಲು ಎಷ್ಟಿತ್ತೋ, ಕಿತ್ತು ಎಷ್ಟು ದಿನ ಆಯಿತೋ.

ಇನ್ನೊಂದು, ಕಿಣ್ವವನ್ನು ಬಿಸಿ ಇಲ್ಲದೆಯೂ ನಿಲ್ಲಿಸಬಹುದು. ಶುಗರ್ ಟೆಸ್ಟಿಗೆ ರಕ್ತ ತೆಗೆಯುವಾಗ ಬೂದು ಮುಚ್ಚಳದ ಟ್ಯೂಬು ನೋಡಿದ್ದೀರಲ್ಲ, ಅದರಲ್ಲಿ ಫ್ಲೋರೈಡ್ ಇರುತ್ತದೆ. ಟ್ಯೂಬಿಗೆ ಹಾಕಿದ ಮೇಲೂ ರಕ್ತಕಣ ಸಕ್ಕರೆ ತಿನ್ನುತ್ತಲೇ ಇರುತ್ತದೆ, ಗಂಟೆಗೆ ಸುಮಾರು 5ರಿಂದ 7 ಪರ್ಸೆಂಟು. ಫ್ಲೋರೈಡ್ ಆ ಸಕ್ಕರೆ ಒಡೆಯುವ ದಾರಿಯ ಎನೋಲೇಸ್ ಅನ್ನುವ ಒಂದು ಕಿಣ್ವವನ್ನು ಹಿಡಿದು ಕೂರಿಸುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ರಕ್ತ ಬೇರೆ ಟ್ಯೂಬಿನಲ್ಲಿ ತೆಗೆದು, ಊಟಕ್ಕೆ ಹೋಗಿ, ಬಂದು ನೋಡಿದರೆ ಸಕ್ಕರೆ ಕಡಿಮೆ. ಪುನಃ ಅವರನ್ನು ಕರೆಸಿ ಚುಚ್ಚಬೇಕಾಯಿತು. ಆ ಅಜ್ಜಿ ಬೈದದ್ದು ತುಳುವಿನಲ್ಲಿ, ಇಲ್ಲಿ ಬರೆಯುವ ಹಾಗಿಲ್ಲ.

ಕಟಪಾಡಿ ಅಡುಗೆಯವ

ಸರ್, ಎರಡು ಸಲ ಓದಿದೆ, ಎರಡನೇ ಸಲ ಅಳಿಯನನ್ನು ಕೂರಿಸಿ ಓದಿಸಿದೆ. ಅವನಿಗೆ 25 ಮತ್ತು 159 ಗೊತ್ತೇ ಇರಲಿಲ್ಲ, ನನಗೆ ಸ್ವಲ್ಪ ಖುಷಿ ಆಯಿತು.

ಆದರೆ ಒಂದು ಸಂಶಯ. ಪಪೈನ್ ಪ್ರೋಟೀನು ಅಂತೀರಿ. ಅದು ಪ್ರೋಟೀನನ್ನೇ ಕೊಯ್ಯುತ್ತದೆ ಅಂತಲೂ ಹೇಳ್ತೀರಿ. ಹಾಗಾದರೆ ಅದು ತನ್ನನ್ನೇ ಯಾಕೆ ಕೊಯ್ದುಕೊಳ್ಳುವುದಿಲ್ಲ? ಮತ್ತೆ, ಮಟ್ಟು ಗುಳ್ಳ (ನಮ್ಮ ಕಡೆಯ ಬದನೆ) ಹೆಚ್ಚಿದ ಕೂಡ್ಲೆ ಕಪ್ಪಾಗ್ತದಲ್ಲ, ನಾವು ಮಜ್ಜಿಗೆ ನೀರಿಗೆ ಹಾಕುದು, ಅದೂ ಇದೇ ಜಾತಿಯದ್ದಾ?

ಕಂಕನಾಡಿ ಮೇಷ್ಟ್ರು

ಮೊದಲನೇ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ನನಗೆ ಕೇಳಿದವರು ಮೂರೋ ನಾಲ್ಕೋ ಮಕ್ಕಳು. ಎಂಟನೇ ಕ್ಲಾಸು ಅಂತ ಇನ್ನೊಮ್ಮೆ ಹೇಳಬೇಡಿ.

ಕೊಯ್ದುಕೊಳ್ಳುತ್ತದೆ. ಪಪೈನನ್ನು ನೀರಿನಲ್ಲಿ ಕಲಸಿ ಇಟ್ಟರೆ ದಿನ ಹೋದಂತೆ ಒಂದನ್ನೊಂದು ತಿಂದು ಬಲ ಕುಂದುತ್ತದೆ. ಆದರೆ ನಿಧಾನ. ಬಿಗಿಯಾಗಿ ಸುತ್ತಿದ ಚೆಂಡಿನ ನಾರು ಎಲ್ಲಿ ಅಂತ ಕತ್ತಿಗೆ ಸಿಗಬೇಕಲ್ಲ. ಸೀಳಿನಲ್ಲಿ ಮಲಗಬೇಕಾದರೆ ಎಳೆ ಸಡಿಲವಾಗಿ ಚಾಚಿಕೊಂಡಿರಬೇಕು. ಗಿಡವೂ ಜಾಣ. ಪಪೈನನ್ನು ಮೊದಲು ತಯಾರಿಸುವಾಗ ಆ ಸೀಳಿಗೆ ಅಡ್ಡಲಾಗಿ ಒಂದು ಹೆಚ್ಚುವರಿ ತುಂಡು ಸೇರಿಸಿಯೇ ಕಟ್ಟುತ್ತದೆ, ಕತ್ತಿಗೆ ಒರೆ ಹಾಕಿದ ಹಾಗೆ. ಆ ತುಂಡು ಕಳಚಿದ ಮೇಲೆಯೇ ಅದಕ್ಕೆ ಹರಿತ. ನಮ್ಮ ಮೇದೋಜೀರಕವೂ ಟ್ರಿಪ್ಸಿನ್ ಅನ್ನುವ ಕಿಣ್ವವನ್ನು ಒರೆ ಹಾಕಿಯೇ ಕರುಳಿಗೆ ಕಳಿಸುತ್ತದೆ. ದಾರಿಯಲ್ಲೇ ಒರೆ ಕಳಚಿದರೆ ಮನುಷ್ಯ ಹೊಟ್ಟೆನೋವಿನಲ್ಲಿ ಆಸ್ಪತ್ರೆ ಸೇರಬೇಕಾಗುತ್ತದೆ. ನಮ್ಮ ಲ್ಯಾಬಿನ ಹುಡುಗಿ ಅಮೈಲೇಸ್ ನೋಡುವುದು ಹೆಚ್ಚಾಗಿ ಅಂಥವರದ್ದೇ.

ಪ್ರೋಟೀನು ಅಂತ ಎಷ್ಟು ಸುಲಭಕ್ಕೆ ಹೇಳಿಬಿಟ್ಟೆ. ಅದನ್ನು ಮಾಡಿ ತೋರಿಸಲಿಕ್ಕೆ ಒಬ್ಬ ಒಂಟಿಗೈಯವನು ಒಂಬತ್ತು ವರ್ಷ ತೆಗೆದುಕೊಂಡ. ಅಮೆರಿಕದ ಜೇಮ್ಸ್ ಸಮ್ನರ್, ಹದಿಹರೆಯದಲ್ಲಿ ಬೇಟೆಗೆ ಹೋದಾಗ ಗುಂಡು ತಾಗಿ ಎಡಗೈ ಹೋಗಿತ್ತು. ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಬೀಜದ ಹಿಟ್ಟಿನಿಂದ ಯೂರಿಯೇಸ್ ಅನ್ನುವ ಕಿಣ್ವವನ್ನು 1926ರಲ್ಲಿ ಹರಳು ಮಾಡಿ ತೋರಿಸಿದ, ಹರಳು ಪೂರ್ತಿ ಪ್ರೋಟೀನ್. ಆಗಿನ ಘಟಾನುಘಟಿಗಳು ನಂಬಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ.

ಗುಳ್ಳ: ಹೌದು, ಅದೂ ಕಿಣ್ವ, ಆದರೆ ಬೇರೆ ಕೆಲಸದ್ದು. ಗುಳ್ಳದ ಜೀವಕೋಶದಲ್ಲಿ ಆ ಕಿಣ್ವ ಒಂದು ಕೋಣೆಯಲ್ಲಿ, ಒಗರು ಕೊಡುವ ವಸ್ತುಗಳು ಇನ್ನೊಂದು ಕೋಣೆಯಲ್ಲಿ ಇರುತ್ತವೆ. ನೀವು ಕೊಯ್ದಾಗ ಗೋಡೆ ಒಡೆದು ಎರಡೂ ಸೇರುತ್ತವೆ, ಗಾಳಿಯ ಆಮ್ಲಜನಕವೂ ಸೇರಿ ಕಪ್ಪು. ಅದರ ಸೀಳಿನಲ್ಲಿ ಗಂಧಕದ ಬದಲು ತಾಮ್ರ ಕೆಲಸ ಮಾಡುತ್ತದೆ. ನೀರು ಗಾಳಿಯನ್ನು ತಡೆಯುತ್ತದೆ, ಮಜ್ಜಿಗೆಯ ಹುಳಿ ಕಿಣ್ವದ ಕೈ ಕಟ್ಟುತ್ತದೆ. ಪಪೈನ್ ಗುಳ್ಳದ ಒಗರನ್ನು ಮುಟ್ಟುವುದಿಲ್ಲ, ಗುಳ್ಳದ ಕಿಣ್ವ ಮಾಂಸವನ್ನು ಕೊಯ್ಯುವುದಿಲ್ಲ. 1894ರಲ್ಲಿ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಕೀಲಿಕೈ ಅಂದ. 1958ರಲ್ಲಿ ಕೋಶ್‌ಲ್ಯಾಂಡ್ ತಿದ್ದಿದ: ಬೀಗ ಗಟ್ಟಿ ಕಬ್ಬಿಣವಲ್ಲ, ಕೀಲಿಕೈ ಒಳಗೆ ಬಂದಾಗ ತಾನೂ ಸ್ವಲ್ಪ ಮೈ ಬಗ್ಗಿಸಿಕೊಳ್ಳುತ್ತದೆ.

ಅಡುಗೆಗೆ ನನ್ನ ಸಲಹೆ ಬೇಕಾದರೆ: ಬಪ್ಪಂಗಾಯಿ ಅರ್ಧಕ್ಕೆ ಇಳಿಸಿ, ಮಾಂಸ ಫ್ರಿಡ್ಜಿನಲ್ಲೇ ಇಡಿ, 4 ಡಿಗ್ರಿಯಲ್ಲಿ ವೇಗ ಹೊರಗಿನ ಏಳನೇ ಒಂದು ಪಾಲು. ಮಸಾಲೆ ನೀರು ಮೊದಲು ಕೊತ ಕೊತ ಕುದಿಯಲಿ. ಅದಕ್ಕೆ ಮಾಂಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕುದಿ ನಿಲ್ಲಬಾರದು.

ಪಡುಬಿದ್ರಿ ಅಕ್ಕ

ನಾನು ಮೊಸರು ಹಾಕಿ ಅಂದದ್ದಕ್ಕೆ ಯಾರೂ ಏನೂ ಹೇಳಲೇ ಇಲ್ಲ.

ಕಂಕನಾಡಿ ಮೇಷ್ಟ್ರು

ಕ್ಷಮಿಸಿ ಅಕ್ಕ. ಮೊಸರಿನದ್ದು ಮುಖ್ಯವಾಗಿ ಹುಳಿಯ ಕೆಲಸ. ಹುಳಿ ಪ್ರೋಟೀನನ್ನು ಸಡಿಲ ಮಾಡುತ್ತದೆ, ಪಪೈನಿನ ಹಾಗೆ ಕೊಯ್ದು ಹಾಕುವುದಿಲ್ಲ. ಕೈತಪ್ಪುವ ಭಯ ಕಡಿಮೆ. ನಿಮ್ಮ ಅಮ್ಮನ ಎಲೆ ಸುತ್ತುವ ಕ್ರಮವೂ ಒಳ್ಳೇದೇ. ಎಲೆಯಿಂದ ಹಾಲು ತಾಗುವುದು ಅರೆದು ಹಾಕಿದ್ದಕ್ಕಿಂತ ತೀರಾ ಕಡಿಮೆ.

ಕಟಪಾಡಿ ಅಡುಗೆಯವ

ಮೇಷ್ಟ್ರ ಮಾತು ನಂಬದೆ ಅಲ್ಲ, ಆದರೂ ಕೈಯಲ್ಲಿ ಮಾಡಿ ನೋಡದಿದ್ದರೆ ನನಗೆ ನಿದ್ದೆ ಬರುದಿಲ್ಲ. ನಿನ್ನೆ ಮುಕ್ಕಾಲು ಕಿಲೋ ತಂದು ಕಾಲು ಕಾಲು ಕಿಲೋ ಮೂರು ಪಾಲು ಮಾಡಿದೆ. ಒಂದೇ ಕಾಯಿ, ಮೂರಕ್ಕೂ ಒಂದೊಂದು ಸಣ್ಣ ಚಮಚ, ಮೂರೂ ಎರಡು ಗಂಟೆ.

ಒಂದನೆಯದು ಕುದಿಯುವ ನೀರಿಗೇ ಹಾಕಿದೆ. ಎರಡನೆಯದು ತಣ್ಣೀರಿನಲ್ಲಿಟ್ಟು, ಸಣ್ಣ ಬೆಂಕಿಯಲ್ಲಿ 50 ನಿಮಿಷಕ್ಕೆ ಕುದಿ ಬರುವ ಹಾಗೆ. ಮೂರನೆಯದಕ್ಕೆ ಅರೆದದ್ದನ್ನೇ ಮೊದಲು ಕಾಲು ಗಂಟೆ ಕುದಿಸಿ, ಆರಿಸಿ ಹಾಕಿದ್ದು, ಮತ್ತೆ ಎರಡನೆಯದರ ಹಾಗೆಯೇ ಸಣ್ಣ ಬೆಂಕಿ. ಹೆಂಡತಿ ಗ್ಯಾಸ್ ನೋಡಿ ನೋಡಿ ಎರಡು ಸಲ ಅಡುಗೆಮನೆಗೆ ಬಂದು ಹೋದಳು.

ಒಂದನೆಯದು ಮೆತ್ತಗೆ, ತುಂಡು ತುಂಡಾಗಿಯೇ ಇತ್ತು. ಎರಡನೆಯದು ಥೇಟ್ ಮದರಂಗಿ ಮನೆಯದ್ದು, ಹೊರಗೆ ಗಂಜಿ. ನೋಡುವಾಗ ಹೊಟ್ಟೆಯೊಳಗೆ ಒಂಥರಾ ಆಯಿತು. ಮೂರನೆಯದು ಬಪ್ಪಂಗಾಯಿ ಕಂಡೇ ಇಲ್ಲ ಅನ್ನುವ ಹಾಗೆ. ಅತ್ತೆ ಬಾಯಿಗೆ ಹಾಕಿ, ತಟ್ಟೆ ಬದಿಗೆ ತೆಗೆದಿಟ್ಟು, ಒಂದನೆಯದು ಕೇಳಿದರು.

ಬರುವ ಭಾನುವಾರ ಶಿರ್ವದಲ್ಲಿ 22 ಕಿಲೋ ಉಂಟು. ದೊಡ್ಡ ಬರ್ನರು ಇವತ್ತೇ ರಿಪೇರಿಗೆ ಕೊಟ್ಟು ಬಂದೆ.